ಉತ್ತರಕ್ಕೆ ಕಾಯದ ಬಾಣ

"ಬರ್ತೀನಿ, ಸಂಜೆ ತಡ ಆಗ್ಬೋದು" ಎಂದು ಬಾಗಿಲಲ್ಲೇ ನಿಂತು ಒಳಗೆ ಕೂಗಿ ಅವನು ಬಾಗಿಲೆಳೆದುಕೊಂಡ. ಎಳೆದುಕೊಂಡ ಮೇಲೆ, ಮೆಟ್ಟಿಲಿಳಿಯಲು ಕಾಲು ಮುಂದಿಟ್ಟವನು ಹಾಗೇ ನಿಂತುಬಿಟ್ಟ. ಒಳಗೆ ಹೆಂಡತಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡಿದ್ದಳು. ಆ ಸದ್ದಿನಲ್ಲಿ ತಾನು ಕೂಗಿದ್ದು ಅವಳಿಗೆ ಕೇಳಿಸಿತೋ ಇಲ್ಲವೋ. ಮದುವೆಯಾದಾಗಿನಿಂದ ಹೀಗೆ ಕೂಗಿ ಹೊರಟುಬಿಡುವುದೇ ಅಭ್ಯಾಸ. ಕೇಳಿಸಿತೇ ಎಂದು ಒಂದು ದಿನವೂ ನಿಂತು ಯೋಚಿಸಿದವನಲ್ಲ. "ನೀವು ಹೇಳೋದು ನನಗಲ್ಲ, ಬಾಗಿಲಿಗೆ" ಎಂದು ಅವಳು ಯಾವಾಗಲೋ ನಗುತ್ತ ಅಂದದ್ದನ್ನು ತಮಾಷೆಯೆಂದೇ ತಿಳಿದಿದ್ದ. ಇವತ್ತು ಅದು ತಮಾಷೆಯಾಗಿ ಕೇಳಿಸಲಿಲ್ಲ. ತಿರುಗಿ ಒಳಗೆ ಹೋಗಿ ಎದುರು ನಿಂತು ಹೇಳಿಬರೋಣವೆಂದರೆ, ಎದುರು ನಿಂತು ಹೇಳಬೇಕಾದ್ದು ಸಂಜೆ ತಡವಾಗುವ ಸಂಗತಿಯಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೋದರೆ ಅವಳು ಮುಖ ನೋಡುತ್ತಾಳೆ, ಮುಖ ನೋಡಿದರೆ ಏನಾಯ್ತು ಅನ್ನುತ್ತಾಳೆ. ಮೆಟ್ಟಿಲಿಳಿದ. ಅರ್ಧ ಇಳಿಯುವಷ್ಟರಲ್ಲಿ ನಲ್ಲಿಯ ಸದ್ದು ನಿಂತದ್ದು ಕೇಳಿಸಿತು, ಆದರೂ ಇಳಿದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅವನ ಕೆಲಸ ಗೆರೆ ಎಳೆಯುವುದು. ಒಂಟಿಯಾಗಿರುವ ವಯಸ್ಸಾದವರ ಹಾಸಿಗೆಯ ಪಕ್ಕ ಇಡುವ ಒಂದು ಪುಟ್ಟ ಪೆಟ್ಟಿಗೆಯನ್ನು ಅವನ ಆಫೀಸಿನವರು ಮಾಡುತ್ತಾರೆ. ಅದರ ಮೇಲೊಂದು ಕೆಂಪು ಗುಂಡಿ, ಗುಂಡಿಯ ಪಕ್ಕ ಒಂದು ದೀಪ. ಕಷ್ಟ ಬಂದಾಗ ಗುಂಡಿ ಒತ್ತಿದರೆ ಕಂಟ್ರೋಲ್ ರೂಮಿಗೆ ಗೊತ್ತಾಗಿ ಯಾರಾದರೂ ಹೊರಟು ಬರಬೇಕು. ಅದಕ್ಕೆ ಕೋಡ್ ಬರೆಯುವ ಮೊದಲು, ಯಾರು ಯಾರಿಗೆ ಯಾವಾಗ ಏನು ಹೇಳಬೇಕು ಎಂದು ಗೋಡೆಯ ಮೇಲಿನ ಬಿಳಿ ಬೋರ್ಡಿನಲ್ಲಿ ಬರೆದು ತೋರಿಸುವವನು ಅವನು. ಮೇಲೆ ಸಾಲಾಗಿ ಒಬ್ಬೊಬ್ಬರ ಹೆಸರು, ಹೆಸರಿನಿಂದ ಕೆಳಕ್ಕೆ ಇಳಿಬಿಟ್ಟ ಒಂದೊಂದು ಗೆರೆ, ಗೆರೆಯಿಂದ ಗೆರೆಗೆ ಬಾಣ. ತಲೆಗೆ ಕಪ್ಪು ತುಂಬಿದ ಬಾಣವೆಂದರೆ ಹೇಳಿ, ಉತ್ತರ ಬರುವವರೆಗೆ ಅಲ್ಲೇ ಕಾಯುವುದು. ತಲೆ ತೆರೆದ ಬಾಣವೆಂದರೆ ಹೇಳಿ ತನ್ನ ದಾರಿ ಹಿಡಿಯುವುದು. ಚುಕ್ಕೆ ಗೆರೆ ತಿರುಗಿ ಬಂದ ಉತ್ತರ. ಸೋಮಾರಿಗಳು ಅದನ್ನು ಬರೆಯುವುದೇ ಇಲ್ಲ, ಉತ್ತರ ಬಂದೇ ಬರುತ್ತದೆಂಬ ಭಂಡ ಧೈರ್ಯ. ತನ್ನಿಂದ ಹೊರಟು ತನ್ನಲ್ಲಿಗೇ ಬಾಗಿ ಬರುವ ಬಾಣವೊಂದಿದೆ, ಅದು ತನಗೆ ತಾನೇ ಹೇಳಿಕೊಳ್ಳುವುದು. ಇನ್ನೊಂದು, ಯಾರ ಗೆರೆಯನ್ನೂ ಮುಟ್ಟದೆ ನಡುವೆಯೇ ಒಂದು ಕಪ್ಪು ಬೊಟ್ಟಿನಲ್ಲಿ ಮುಗಿದುಹೋಗುವುದು: ಕಳೆದುಹೋದ ಮೆಸೇಜ್. ಹೊಸದಾಗಿ ಸೇರಿದವರನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಿಕೊಡುವುದರಿಂದ ಆಫೀಸಿನಲ್ಲಿ ಅವನನ್ನು ಮೇಷ್ಟ್ರು ಅನ್ನುತ್ತಾರೆ. "ಕಳೆದುಹೋಗೋ ಮೆಸೇಜನ್ನ ಯಾಕೆ ಸಾರ್ ಬರೀಬೇಕು?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. "ಕಳೆದುಹೋಗುತ್ತೆ ಅಂತ ಗೊತ್ತಿರೋನು ಮಾತ್ರ ಹುಡುಕ್ತಾನೆ" ಅನ್ನುವುದು ಅವನ ಖಾಯಂ ಉತ್ತರ. ಆ ಮಾತು ಆಡಿದಾಗಲೆಲ್ಲ ತನ್ನ ಬಗ್ಗೆ ತನಗೇ ಒಂದಿಷ್ಟು ಮೆಚ್ಚುಗೆಯಾಗುತ್ತಿತ್ತು. ಅದು ನೆನಪಾಗಿ ಈಗ ಕಿಟಕಿಯ ತಣ್ಣನೆಯ ಸರಳಿಗೆ ಹಣೆ ಒತ್ತಿ ಕುಳಿತ.

ಚಿಕ್ಕಂದಿನಲ್ಲಿ, ಊರಿಗೆಲ್ಲ ಔಷಧಿ ಕೊಡುತ್ತಿದ್ದ ಕಂಪೌಂಡರ ಮನೆಯ ಗೇಟೂ ಹೀಗೇ ತಣ್ಣಗಿತ್ತು. ಅಪ್ಪ ಹೊಟ್ಟೆ ಹಿಡಿದುಕೊಂಡು ಚಾಪೆಯ ಮೇಲೆ ಹೊರಳುತ್ತಿದ್ದಾಗ, "ಓಡು, ಕರ್ಕೊಂಡು ಬಾ" ಎಂದು ಅಮ್ಮ ಅಟ್ಟಿದ್ದಳು. ಗೇಟಿನೊಳಗೆ ನಾಯಿಯಿತ್ತು. ಬೊಗಳಲೂ ಇಲ್ಲ, ಸುಮ್ಮನೆ ತಲೆಯೆತ್ತಿ ನೋಡಿತು. ಅಷ್ಟಕ್ಕೇ ಅವನು ಹೆದರಿ, "ನೀವು ಬರ್ಬೇಕಂತೆ" ಎಂದು ಗೇಟಿನ ಸರಳುಗಳ ನಡುವೆ ಒಮ್ಮೆ, ನಾಯಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿ, ಓಡಿಬಂದಿದ್ದ. "ಹೇಳ್ದೆಯೇನೋ?" "ಹೇಳ್ದೆ." "ಏನಂದ್ರು?" "ಬರ್ತಾರಂತೆ." ಬರ್ತಾರಂತೆ ಎಂಬ ಆ ಒಂದು ಮಾತು ಯಾಕೆ ಬಂತು, ಎಲ್ಲಿಂದ ಬಂತು ಎಂದು ಇವತ್ತಿಗೂ ಅವನಿಗೆ ಗೊತ್ತಿಲ್ಲ. ಅಮ್ಮ ಮುಖ ತೊಳೆದು, ಕುರ್ಚಿ ಒರೆಸಿ, ನೀರು ಕಾಯಲಿಟ್ಟು, ಬಾಗಿಲು ತೆರೆದಿಟ್ಟು ಕುಳಿತಳು. ಅಪ್ಪನಿಗೆ "ಬರ್ತಿದ್ದಾರೆ, ಬರ್ತಿದ್ದಾರೆ" ಎಂದು ಧೈರ್ಯ ಹೇಳುತ್ತಲೇ ಇದ್ದಳು. ನೋವು ತಾನಾಗಿಯೇ ಇಳಿಯಿತೆನ್ನಿ, ಯಾರಿಗೂ ಏನೂ ಆಗಲಿಲ್ಲ. ಮರುದಿನ ಅಂಗಡಿಯ ಹತ್ತಿರ ಕಂಪೌಂಡರು ಸಿಕ್ಕಿ ಅವಳಿಗೆ ವಿಷಯ ತಿಳಿಯಿತು. ಮನೆಗೆ ಬಂದು ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಅವನು ಮಂಚದ ಕೆಳಗೆ ಸೇರಿಕೊಂಡಿದ್ದ. ಅವಳು ಏನೂ ಅನ್ನಲಿಲ್ಲ. ಅಂದಿನಿಂದ ಅಂಗಡಿಗೆ, ಅತ್ತೆಯ ಮನೆಗೆ, ಎಲ್ಲಿಗೆ ಏನು ಹೇಳಿಕಳಿಸಬೇಕಾದರೂ ಅವನಿಗಿಂತ ಚಿಕ್ಕವಳಾದ ತಂಗಿಯನ್ನು ಕಳಿಸತೊಡಗಿದಳು. ಆ ಪುಟ್ಟ ಹುಡುಗಿ ಲಂಗ ಎತ್ತಿಕಟ್ಟಿಕೊಂಡು ಹೊರಡುವುದನ್ನು ನೋಡುತ್ತ ಅವನು ಹೊಸ್ತಿಲ ಮೇಲೆ ಕೂತಿರುತ್ತಿದ್ದ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು.

ಇಳಿಯಬೇಕಾದ ಸ್ಟಾಪ್ ಬಂತು. ಆಫೀಸಿನ ಕಾರಿಡಾರಿನಲ್ಲಿ ನೀರಿನ ಫಿಲ್ಟರಿನ ಹತ್ತಿರ ಗುಬ್ಬಿ ನಿಂತಿದ್ದಳು. ಸಣ್ಣಗಿದ್ದಾಳೆ, ಕೂತಲ್ಲಿ ಕೂರುವುದಿಲ್ಲ, ಕೋಡ್ ಬರೆಯುವಾಗ ತನ್ನಷ್ಟಕ್ಕೆ ಏನೋ ಗುಣುಗುಟ್ಟುತ್ತಾಳೆ. ಅದಕ್ಕೇ ಆ ಹೆಸರು. ಅವನಿಗಿಂತ ತುಂಬ ಚಿಕ್ಕವಳು. ಗಂಡನ ಕೆಲಸ ಹೋದ ಮೇಲೆ ಮನೆ ನಡೆಯುತ್ತಿರುವುದು ಅವಳೊಬ್ಬಳ ದುಡಿಮೆಯಿಂದ. ಆಫೀಸಿಗೆಲ್ಲ ಅದು ಗೊತ್ತು, ಅವಳ ಎದುರಿಗೆ ಮಾತ್ರ ಯಾರೂ ಆಡುವುದಿಲ್ಲ. "ಮೇಷ್ಟ್ರೇ, ತಿಂಡಿ ಆಯ್ತಾ?" ಎಂದಳು, ದಿನಾ ಕೇಳುವ ಹಾಗೆ. ಅವಳು ಮುಖ ತಿರುಗಿಸಿಕೊಂಡಿದ್ದರೆ, ಒಂದು ಚುಚ್ಚುಮಾತು ಆಡಿದ್ದರೆ ಅವನಿಗೆ ಆಸರೆಗೆ ಏನಾದರೂ ಸಿಗುತ್ತಿತ್ತು. "ಆಯ್ತು" ಎಂದು ಅವಳ ಕೈಯಲ್ಲಿದ್ದ ಬಾಟಲಿಗೆ ಹೇಳಿ ಅವನು ಸರಿದುಹೋದ. ತುಂಬಿದ ಬಾಟಲಿಯಿಂದ ನೀರು ಚೆಲ್ಲಿ ನೆಲದ ಮೇಲೆ ಹರಿಯುತ್ತಿತ್ತು. ಅವಳಿಗೂ ಒಳಗೊಳಗೆ ಹೆದರಿಕೆಯಿದೆ ಎಂದು ಅದರಿಂದ ತಿಳಿಯಿತು.

ಬಾಣ ಬದಲಿಸಿದ ಆ ದಿನವೂ ಅವಳು ಕೇಳಿದ್ದಳು. ಪೆಟ್ಟಿಗೆಯನ್ನು ಕೊಳ್ಳುವವರು ನೋಡಲು ಬಂದು ಹೋದ ಮೇಲೆ, ದೊಡ್ಡವರು, ಅಂದರೆ ಆಫೀಸಿನ ಮುಖ್ಯಸ್ಥರು, ಬೋರ್ಡಿನ ಮುಂದೆ ಅವನನ್ನೂ ಗುಬ್ಬಿಯನ್ನೂ ಇನ್ನು ಕೆಲವರನ್ನೂ ನಿಲ್ಲಿಸಿಕೊಂಡಿದ್ದರು. "ಗುಂಡಿ ಒತ್ತಿದ ಮೇಲೆ ಹಸಿರು ದೀಪ ಬರೋಕೆ ಎಷ್ಟು ಹೊತ್ತು ತಗೊಳ್ಳತ್ತೆ, ನೋಡಿದ್ರಾ? ಅವರ ಮುಖ ನೋಡಿದ್ರಾ? ಒತ್ತಿದ ತಕ್ಷಣ ಬರ್ಬೇಕು." ತಡವಾಗುತ್ತಿದ್ದುದು ನಿಜ. ಪೆಟ್ಟಿಗೆಯಿಂದ ಕಂಟ್ರೋಲ್ ರೂಮಿಗೆ ಅವನು ಎಳೆದದ್ದು ತಲೆ ತುಂಬಿದ ಬಾಣ. ಅಲ್ಲಿಂದ 'ಬಂತು' ಎಂಬ ಉತ್ತರ ಬರುವವರೆಗೆ ದೀಪ ಹತ್ತುವಂತಿರಲಿಲ್ಲ. ಅವನು ಬೆರಳಿನಿಂದಲೇ ಬಾಣದ ಕಪ್ಪು ತಲೆಯನ್ನು ಒರೆಸಿ, ಎರಡು ಸಣ್ಣ ಗೆರೆ ಗೀಚಿ ತಲೆಯನ್ನು ತೆರೆದುಬಿಟ್ಟ. ಚುಕ್ಕೆ ಗೆರೆಯನ್ನು ಅಂಗೈಯಿಂದ ಅಳಿಸಿದ. ಎಷ್ಟು ಸಲೀಸಾಗಿತ್ತು. ಗುಬ್ಬಿ ತಲೆ ಓರೆ ಮಾಡಿ ನೋಡಿ, "ಉತ್ತರಕ್ಕೆ ಕಾಯೋದು ಬೇಡ್ವಾ ಮೇಷ್ಟ್ರೇ? ಹೋಗ್ದಿದ್ರೆ?" ಅಂದಳು. "ಹೋಗದೆ ಅದೇನು ತವರುಮನೆಗೆ ಹೋಗತ್ತೇನಮ್ಮ?" ಎಂದ ಅವನು. ಎಲ್ಲರೂ ನಕ್ಕರು, ದೊಡ್ಡವರು ಎಲ್ಲರಿಗಿಂತ ಜೋರಾಗಿ ನಕ್ಕು ಅವನ ಬೆನ್ನು ತಟ್ಟಿದರು. ಅವಳ ಮುಖ ಚಿಕ್ಕದಾಯಿತು. ಅದು ಅವನಿಗೆ ಕಾಣಿಸಿತ್ತು. ಕಾಣಿಸಿಯೂ ಬೆನ್ನ ಮೇಲೆ ಬಿದ್ದ ಕೈಯ ಬಿಸುಪನ್ನೇ ಅವನು ಆ ದಿನವೆಲ್ಲ ಹೊತ್ತು ತಿರುಗಿದ್ದ. ಬೆರಳಿಗೆ ಅಂಟಿದ್ದ ಶಾಯಿ ಮಾತ್ರ ಎಷ್ಟು ತೊಳೆದರೂ ಸಂಜೆಯವರೆಗೆ ಹೋಗಲಿಲ್ಲ.

ಅದಾದ ಮೇಲೆ ಒಂದು ದಿನ, ಹೊಲಿಗೆ ಕಲಿಸಿಕೊಂಡು ಜೀವನ ಮಾಡಿದ್ದ, ಈಗ ಒಬ್ಬರೇ ಇರುವ ಅಜ್ಜಿಯೊಬ್ಬರು ಹಾಸಿಗೆಯಿಂದ ಏಳುವಾಗ ಕೆಳಗೆ ಬಿದ್ದರು. ಸೊಂಟಕ್ಕೆ ಪೆಟ್ಟಾಗಿ ಏಳಲಾಗಲಿಲ್ಲ. ಕೈಗೆಟುಕಿದ ಗುಂಡಿ ಒತ್ತಿದರು. ತಕ್ಷಣ ಹಸಿರು ದೀಪ ಹತ್ತಿತು. ಅವರ ಬೀದಿಯಲ್ಲಿ ಆ ಹೊತ್ತಿಗೆ ನೆಟ್‌ವರ್ಕ್ ಇರಲಿಲ್ಲ. ಪೆಟ್ಟಿಗೆ ಹೇಳಿತ್ತು, ಕೇಳಿಸಿಕೊಳ್ಳುವವರಿಗೆ ಅದು ತಲುಪಿರಲಿಲ್ಲ, ತಲುಪಿತೇ ಎಂದು ನೋಡುವ ಕೆಲಸ ಯಾರದೂ ಆಗಿರಲಿಲ್ಲ. ಹಸಿರು ಕಂಡ ಮೇಲೆ ಮತ್ತೆ ಒತ್ತುವುದೇಕೆ, ಕೂಗಿಕೊಳ್ಳುವುದೇಕೆ? ಪಕ್ಕದ ಮನೆಯಾಕೆ ಅನುಮಾನ ಬಂದು ಬಾಗಿಲು ಬಡಿಯುವವರೆಗೆ ಅವರು ತಣ್ಣನೆಯ ನೆಲದ ಮೇಲೆಯೇ ಇದ್ದರು. ಸುದ್ದಿ ಆಫೀಸಿಗೆ ಮುಟ್ಟಿದ ದಿನ ಅವನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿನೋಡಿಕೊಂಡ. ಆದರೆ ಯಾರೂ ಅವನತ್ತ ನೋಡಲಿಲ್ಲ. ಕೋಡ್ ಉತ್ತರಕ್ಕೆ ಕಾದಿಲ್ಲ, ಕೋಡ್ ಬರೆದವಳು ಗುಬ್ಬಿ, ಅಲ್ಲಿಗೆ ಮುಗಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಿನ್ನೆ ಅವನು ದೊಡ್ಡವರ ಕೋಣೆಗೆ ಹೋಗಿ, "ಆ ಬಾಣದ ವಿಷ್ಯ... ಅವತ್ತು ಬೋರ್ಡ್ ಮುಂದೆ ನಾವೆಲ್ಲ ಸೇರಿ..." ಎಂದು ಶುರುಮಾಡಿದ್ದ. "ಮೇಷ್ಟ್ರೇ, ನೀವು ಒಳ್ಳೆಯವರು, ಎಲ್ಲ ಮೈಮೇಲೆ ಎಳ್ಕೋತೀರಿ. ಬರೆದವಳು ಗುಬ್ಬಿ ತಾನೇ? ನಾಳೆ ಆ ಅಜ್ಜಿ ಬರ್ತಾರೆ, ಅವರೆದುರಿಗೆ ಒಂದು ಸಲ ನಡೆಸಿ ತೋರಿಸಿ, ತಪ್ಪು ಯಾರದು ಅಂತ ಹೇಳಿ, ಅವಳನ್ನ ಕೆಲಸದಿಂದ ಬಿಡಿಸಿ ಕಳಿಸೋದು. ನೀವು ಅಡ್ಡ ಬಾಯಿ ಹಾಕ್ಬೇಡಿ." ನಾವೆಲ್ಲ ಸೇರಿ ಎಂಬ ಮಾತನ್ನು ಬೇಕೆಂದೇ ಆರಿಸಿಕೊಂಡಿದ್ದೆನೆಂದು ಅವನಿಗೆ ಗೊತ್ತಿತ್ತು. ಹೇಳಿದಂತೆಯೂ ಆಗಬೇಕು, ಹೇಳದಂತೆಯೂ ಆಗಬೇಕು. ಕೋಣೆಯಿಂದ ಹೊರಗೆ ಬಂದಾಗ ಅವನಿಗಾದದ್ದು ನಿರಾಳ. ಮೈಯೆಲ್ಲ ಹಗುರಾಗಿ, ಕಾಫಿ ಕುಡಿಯೋಣ ಅನ್ನಿಸಿ, ಕುಡಿದೂ ಬಿಟ್ಟಿದ್ದ. ಆ ಕಾಫಿಯ ನೆನಪಿಗೆ ಈಗ ಹೇಸಿಗೆಯಾಯಿತು.

ನಡೆಸಿ ನೋಡುವುದೆಂಬ ಪದ್ಧತಿಯನ್ನು ಆಫೀಸಿಗೆ ತಂದವನೂ ಅವನೇ. ಬೋರ್ಡಿನ ಗೆರೆಗಳ ಬದಲು ಜನ ನೆಲದ ಮೇಲೆ ಸಾಲಾಗಿ ನಿಲ್ಲುತ್ತಾರೆ. ಒಬ್ಬರು ಪೆಟ್ಟಿಗೆ, ಒಬ್ಬರು ಕಂಟ್ರೋಲ್ ರೂಮು, ಹೀಗೆ. ಬೋರ್ಡ್ ಒರೆಸುವ ಡಸ್ಟರೇ ಮೆಸೇಜು. ತಲೆ ತುಂಬಿದ ಬಾಣವಾದರೆ ಡಸ್ಟರ್ ಕೊಟ್ಟವರು ಚಾಚಿದ ಕೈಯನ್ನು ಉತ್ತರ ಬರುವವರೆಗೆ ಇಳಿಸುವಂತಿಲ್ಲ. ಮೂಗು ತುರಿಸಿದರೂ ತುರಿಸಿಕೊಳ್ಳುವಂತಿಲ್ಲ. ತಲೆ ತೆರೆದ ಬಾಣವಾದರೆ ಎಸೆದು ಬೆನ್ನು ತಿರುಗಿಸಿಬಿಡಬಹುದು. ಕಾಯುವುದೆಂದರೆ ಏನೆಂದು ಮೈಗೆ ಗೊತ್ತಾಗಬೇಕು ಎಂದು ಅವನು ಹೊಸಬರಿಗೆ ಹೇಳುತ್ತಿದ್ದ. ಇವತ್ತು ಮೇಜು ಕುರ್ಚಿಗಳನ್ನು ಗೋಡೆಗೆ ಸರಿಸಿ ಜಾಗ ಮಾಡಿದ್ದರು. ಅಜ್ಜಿ ಬಂದರು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಚೀಲ. ಮುಖದಲ್ಲಿ ಸಿಟ್ಟು ಹುಡುಕಿದ, ಇರಲಿಲ್ಲ. ಬೇರೆಯವರ ಮನೆಗೆ ಬಂದವರ ಸಂಕೋಚವಿತ್ತು. ಕುರ್ಚಿ ಹಾಕಿದರೆ, "ನಾನು ಯಾರ ಜಾಗದಲ್ಲೂ ಕೂತಿಲ್ಲ ತಾನೇ?" ಎಂದು ಕೇಳಿ ಕುಳಿತರು.

"ಕೋಡ್ ಬರೆಯುವಾಗ ನಮ್ಮವರೊಬ್ಬರು ಎಡವಿದ್ರು ಅಜ್ಜಿ. ಈಗ ಸರಿ ಮಾಡಿದ್ದೀವಿ, ನೀವೇ ನೋಡಿ" ಎಂದರು ದೊಡ್ಡವರು. ನಮ್ಮವರೊಬ್ಬರು ಅನ್ನುವಾಗ ಕಣ್ಣು ಗುಬ್ಬಿಯ ಮೇಲಿತ್ತು. ಗುಬ್ಬಿ ಪೆಟ್ಟಿಗೆಯಾಗಿ ಅಜ್ಜಿಯ ಪಕ್ಕ ನಿಂತಳು. ಅವನು ಕಂಟ್ರೋಲ್ ರೂಮಾಗಿ ಕೋಣೆಯ ಆ ತುದಿಯಲ್ಲಿ ನಿಂತ. ಅಜ್ಜಿ ಗುಬ್ಬಿಯ ತೋಳನ್ನು ಮೆಲ್ಲಗೆ ಮುಟ್ಟಿದರು, ಗುಂಡಿ ಒತ್ತಿದಂತಾಯಿತು. ಅವಳು ಬಂದು ಅವನಿಗೆ ಡಸ್ಟರ್ ಕೊಟ್ಟು ಕೈ ಚಾಚಿ ನಿಂತಳು. ಚಾಚಿದ ಅಂಗೈ ಅವನ ಎದೆಯ ಮಟ್ಟಕ್ಕಿತ್ತು. "ಬಂತು, ಹೊರಟಿದ್ದಾರೆ" ಎಂದು ಅವನು ಡಸ್ಟರ್ ತಿರುಗಿ ಕೊಟ್ಟ. ಅವಳು ಹೋಗಿ ಅಜ್ಜಿಗೆ "ಹಸಿರು" ಅಂದಳು. ಅಜ್ಜಿ ತಲೆಯಾಡಿಸಿದರು. ದೊಡ್ಡವರು ಕೈಯುಜ್ಜಿಕೊಂಡು ಇನ್ನೇನು ಮುಗಿಸಬೇಕು, ಅಷ್ಟರಲ್ಲಿ ಅಜ್ಜಿ, "ಇದು ಚೆನ್ನಾಗಿದೆಯಪ್ಪ. ಅವತ್ತು ಹೇಗಾಯ್ತು? ಅದನ್ನೂ ಒಂದು ಸಲ ತೋರ್ಸಿ" ಅಂದರು.

ದೊಡ್ಡವರು, "ಆಯ್ತು, ತೋರ್ಸಿ. ಮೇಷ್ಟ್ರೇ, ನೀವು ಹಿಡ್ಕೋಬೇಡಿ. ನೆಟ್‌ವರ್ಕ್ ಇರ್ಲಿಲ್ವಲ್ಲ" ಎಂದರು. ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅಜ್ಜಿ ಮತ್ತೆ ಮುಟ್ಟಿದರು. ಗುಬ್ಬಿ ಡಸ್ಟರನ್ನು ಅವನತ್ತ ಎಸೆದು, ಅದು ಇನ್ನೂ ಗಾಳಿಯಲ್ಲಿರುವಾಗಲೇ ಬೆನ್ನು ತಿರುಗಿಸಿ, "ಹಸಿರು" ಎಂದಳು. ಡಸ್ಟರ್ ಅವನ ಮೊಣಕಾಲಿಗೆ ತಗುಲಿ ಕೆಳಗೆ ಬಿತ್ತು. ಹಿಡಿಯದೆ ನಿಲ್ಲುವುದು ಇಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ. ಬೆನ್ನ ಹಿಂದೆ ಬೆರಳುಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿದ್ದವು. ಅಜ್ಜಿ ಕತ್ತು ಚಾಚಿ ನೆಲದ ಮೇಲಿದ್ದ ಡಸ್ಟರನ್ನೇ ನೋಡುತ್ತಿದ್ದರು.

"ಅಷ್ಟೇನಾ?" ಎಂದರು.

"ನಾನು ಆ ದೀಪದ ಹತ್ರ ಮಾತಾಡ್ತಾ ಇದ್ದೆ, ಗೊತ್ತಾ" ಎಂದರು ಅಜ್ಜಿ ಸ್ವಲ್ಪ ನಾಚಿಕೊಂಡು. "ನಿಧಾನಕ್ಕೆ ಬರ್ಲಿ, ಪಾಪ, ಅವರಿಗೂ ದಾರೀಲಿ ಏನೇನಿರತ್ತೋ, ನನಗೇನೂ ಅವಸರ ಇಲ್ಲ ಅಂತ. ಆಮೇಲೆ ಸೀರೆ ಒದ್ದೆಯಾಗೋಯ್ತು. ಬಂದವರು ನೋಡ್ತಾರಲ್ಲ ಅಂತ, ಹೇಗೋ ಕೈಯಲ್ಲೇ ಸರಿ ಮಾಡ್ಕೊಂಡು ಮಲಗಿದ್ದೆ. ಬರ್ತಾರೆ ಅಂತಲೇ ಇದ್ದೆ." ಕೋಲಿನ ತುದಿಯಿಂದ ನೆಲವನ್ನು ಸುಮ್ಮನೆ ಕೆದಕಿದರು. ಆಮೇಲೆ ಗುಬ್ಬಿಯ ಕಡೆ ಮುಖವೆತ್ತಿ, ಬೈಯುವ ದನಿಯಲ್ಲಲ್ಲ, ಹೊಲಿಗೆ ಎಲ್ಲಿ ತಪ್ಪಿತೆಂದು ಕೇಳುವ ಹಾಗೆ, "ನೀನ್ಯಾಕಮ್ಮ ಒಂದು ಸಲ ತಿರುಗಿ ನೋಡ್ಲಿಲ್ಲ?" ಎಂದರು.

ಈಗ ಅವಳು ತನ್ನತ್ತ ಬೆರಳು ತೋರಿಸುತ್ತಾಳೆ ಎಂದು ಅವನಿಗನ್ನಿಸಿತು. ತೋರಿಸಲಿ ಎಂದು ಬೇಡಿಕೊಂಡ ಕೂಡ. ಅವಳೇ ಹೇಳಿಬಿಟ್ಟರೆ ತಾನು ಹೇಳುವುದು ತಪ್ಪುತ್ತದೆ ಎಂಬ ಲೆಕ್ಕಾಚಾರ ಆ ಬೇಡಿಕೆಯೊಳಗೇ ಇದ್ದುದು ಅವನಿಗೇ ಕಂಡಿತು. ಗುಬ್ಬಿ ಅವನತ್ತ ನೋಡಲೇ ಇಲ್ಲ. "ತಪ್ಪಾಯ್ತು ಅಜ್ಜಿ" ಅಂದಳು. ಅಷ್ಟೇ ಅಂದಳು. ಅವತ್ತು ಅಮ್ಮನೂ ಹೀಗೇ, ಅಂಗಡಿಯಿಂದ ಬಂದು ಏನೂ ಅನ್ನದೆ ಒಲೆಯ ಮುಂದೆ ಕುಳಿತಿದ್ದಳು. ಮಂಚದ ಕೆಳಗಿನಿಂದ ಅವಳ ಪಾದ ಮಾತ್ರ ಕಾಣುತ್ತಿತ್ತು. ಹಿಮ್ಮಡಿಯಲ್ಲಿ ಬಿರುಕುಗಳಿದ್ದವು. ಆ ಪಾದಗಳನ್ನು ಹಿಡಿದುಕೊಂಡು ಗೇಟಿನಲ್ಲಿ ನಾಯಿ ಇತ್ತಮ್ಮ ಎಂದು ಒಂದು ಮಾತು ಹೇಳಲು ಅವನಿಗೆ ಆವತ್ತೂ ಆಗಲಿಲ್ಲ, ಅವಳು ತೀರಿಕೊಳ್ಳುವವರೆಗೂ ಆಗಲಿಲ್ಲ. ನಾಯಿ ತಲೆಯೆತ್ತಿ ನೋಡಿದಂತೆ ದೊಡ್ಡವರು ಅವನತ್ತ ನೋಡಿದರು. ಅವನು ಬಗ್ಗಿ ಡಸ್ಟರನ್ನು ಎತ್ತಿಕೊಂಡ.

"ಆ ಬಾಣ ನಂದು ಅಜ್ಜಿ" ಎಂದ. ದನಿ ಹೊರಬಿತ್ತೋ ಇಲ್ಲವೋ ಎಂಬ ಅನುಮಾನ ಬಂತು. ಗೇಟಿನ ಸರಳುಗಳ ನಡುವೆ ಆಡಿದಂಥ ದನಿ. ಮತ್ತೊಮ್ಮೆ, ಕೇಳಿಸುವ ಹಾಗೆ ಹೇಳಿದ. "ಅದು ನಂದು. ಉತ್ತರಕ್ಕೆ ಕಾಯೋದು ಬೇಡ ಅಂತ ಅಳಿಸಿದ್ದು ನಾನು. ಇವಳು ಕೇಳಿದ್ಲು, ಹೋಗ್ದಿದ್ರೆ ಏನ್ಮಾಡೋದು ಅಂತ. ನಾನು ನಾಲ್ಕು ಜನರ ಮುಂದೆ ಅವಳನ್ನೇ ನಗೆಪಾಟಲು ಮಾಡ್ದೆ."

"ಮೇಷ್ಟ್ರೇ, ಇದನ್ನ ಆಮೇಲೆ ಒಳಗೆ ಕೂತು ಮಾತಾಡೋಣ" ಎಂದರು ದೊಡ್ಡವರು.

"ಇಲ್ಲ ಸಾರ್. ಒಳಗೆ ಕೂತು ನಿನ್ನೆ ಮಾತಾಡಿದ್ದಾಯ್ತಲ್ಲ. ಇವಳನ್ನ ಬಿಡಿಸೋದಾದ್ರೆ ಮೊದಲು ನನ್ನನ್ನ ಬಿಡಿಸ್ಬೇಕು."

ಹೇಳಿಯಾಯಿತು. ಕಾಲುಗಳು ತಾವಾಗಿಯೇ ಬಾಗಿಲ ಕಡೆಗೆ ತಿರುಗುತ್ತಿರುವುದು ಅವನಿಗೆ ತಿಳಿಯಿತು. ಹೇಳಿ ಹೊರಟುಬಿಡುವುದು, ಇನ್ನು ಯಾರು ಏನಾದರೂ ಅಂದುಕೊಳ್ಳಲಿ. ಕಾರಿಡಾರು ದಾಟಿ, ಮೆಟ್ಟಿಲಿಳಿದು, ಬೀದಿಯಲ್ಲಿ ಗಾಳಿಗೆ ನಿಂತು ಒಳ್ಳೆಯವನಾಗಿಬಿಡುವುದು. ಆ ಹಗುರದ ರುಚಿ ನಿನ್ನೆ ಕುಡಿದ ಕಾಫಿಯ ಹಾಗೆ ಆಗಲೇ ಬಾಯಿಗೆ ಬರುತ್ತಿತ್ತು. ಪ್ರಯತ್ನಪಟ್ಟು ಕಾಲುಗಳನ್ನು ತಿರುಗಿಸಿಕೊಂಡು, ಕೋಣೆಯ ಈ ತುದಿಯಿಂದ ಆ ತುದಿಗೆ ನಡೆದು ಗುಬ್ಬಿಯ ಎದುರು ನಿಂತ. ಡಸ್ಟರ್ ಹಿಡಿದ ಕೈಯನ್ನು ಚಾಚಿದ. "ತಪ್ಪು ನಂದಮ್ಮ" ಎಂದ.

ಅವಳು ತೆಗೆದುಕೊಳ್ಳಲಿಲ್ಲ. ಇಷ್ಟು ದಿನದಲ್ಲಿ ಮೊದಲ ಬಾರಿಗೆ ಅವನ ಮುಖವನ್ನು ನೇರವಾಗಿ ನೋಡಿದಳು. ಆ ನೋಟದಲ್ಲಿ ಕ್ಷಮೆ ಕಾಣಲಿಲ್ಲ, ಸಿಟ್ಟೂ ಕಾಣಲಿಲ್ಲ, ತನ್ನನ್ನು ನೋಡುತ್ತಿದ್ದಾಳೆ ಎಂಬುದಷ್ಟೇ ಅವನಿಗೆ ಗೊತ್ತಾಗುತ್ತಿತ್ತು. ಅವಳ ಕೈಗಳು ಪಕ್ಕದಲ್ಲೇ ಇಳಿಬಿದ್ದಿದ್ದವು. ಅವನ ತೋಳು ಭಾರವಾಗತೊಡಗಿತು. ಡಸ್ಟರಿನ ಕರಿ ಮಸಿ ಬೆರಳಿಗೆ ಹತ್ತಿತ್ತು. ಎಲ್ಲರೂ ನೋಡುತ್ತಿದ್ದರು, ಇಷ್ಟು ವಯಸ್ಸಾದ ಮನುಷ್ಯ ಬೋರ್ಡ್ ಒರೆಸುವ ವಸ್ತುವೊಂದನ್ನು ಮುಂದಕ್ಕೆ ಹಿಡಿದು ನಿಂತಿರುವುದು ಎಷ್ಟು ನಗೆಗೇಡು ಎಂದು ಅವನಿಗೇ ಅನ್ನಿಸಿತು, ಯಾರೂ ನಗದೇ ಇದ್ದುದರಿಂದ ಇನ್ನಷ್ಟು ನಾಚಿಕೆಯಾಯಿತು. "ಸಾಕು ಬನ್ನಿ ಮೇಷ್ಟ್ರೇ" ಎಂದು ದೊಡ್ಡವರು ತೋಳು ಹಿಡಿಯಲು ಬಂದರು. ಅಜ್ಜಿ ಕೋಲನ್ನು ಅಡ್ಡ ಇಟ್ಟರು.

"ಅವಳಿಗೆ ಬೇಕಾದಾಗ ತಗೊಳ್ಲಿ ಬಿಡಪ್ಪ" ಎಂದರು. ಆಮೇಲೆ ಗುಬ್ಬಿಗೆ, "ನಿಧಾನವಾಗಿ ತಗೋಮ್ಮ. ಅವರಿಗೇನೂ ಅವಸರ ಇಲ್ಲ."

ಅವನು ಚಾಚಿದ ಕೈಯನ್ನು ಇಳಿಸಲಿಲ್ಲ.